ಮಾವನವರ ಅಂತಿಮ ದರ್ಶನ

ಪ್ಯಾಚಪ್ಪನಿಗೆ ಬಾಳಿನಲ್ಲಿ ಬೇಕಾಗಿದ್ದುದು ಒಂದೇ ಒಂದು ಕೋಣೆ. ಅದಕ್ಕೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ, ಅಷ್ಟೆ. (ಹೆಂಡತಿಯೂ ಅತ್ತೆಯೂ ಇರುವ ಮನೆಯಲ್ಲಿ ಇದನ್ನು ದುರಾಸೆ ಎನ್ನುತ್ತಾರೆ ಬಲ್ಲವರು.) ಕಚೇರಿಯ ಕಂಪ್ಯೂಟರುಗಳಿಗೆಲ್ಲ ಅಪ್‌ಡೇಟು ಕಳಿಸಿ, ತೂತು ಕಂಡಲ್ಲಿ ತೇಪೆ ಹಾಕುವುದು ಅವನ ಕೆಲಸ. ಆ ತೇಪೆಗೆ ಪ್ಯಾಚ್ ಎಂದು ಹೆಸರಿರುವುದರಿಂದ ಅವನು ಪ್ಯಾಚಪ್ಪ. ಕಚೇರಿಯವರು ಮನೆಯಿಂದಲೇ ಕೆಲಸ ಮಾಡು ಎಂದ ಮೇಲೆ ಊಟದ ಮೇಜೇ ಅವನ ಸಿಂಹಾಸನವಾಯಿತು. ಹೊತ್ತುಹೊತ್ತಿಗೆ ತಟ್ಟೆಗಳು ಬಂದು ಅವನನ್ನು ಒಕ್ಕಲೆಬ್ಬಿಸುತ್ತಿದ್ದವು.

ಮನೆಯ ಹಿಂಭಾಗದಲ್ಲಿ ಒಂದು ಕೋಣೆಯೇನೋ ಇತ್ತು. ಆದರೆ ಅದು ಮಾವನವರದು. ಮಾವನವರು ತೀರಿಕೊಂಡು ವರ್ಷವಾಗಿದ್ದರೂ ಅವರ ಹಳೆಯ ಕಂಪ್ಯೂಟರು, ಕೂತರೆ ಕಿರ್ರೆನ್ನುವ ಕುರ್ಚಿ, ಕುರ್ಚಿಯ ಬೆನ್ನಿಗೆ ಅವರ ಬೂದು ಸ್ವೆಟರು ಹಾಗೇ ಇದ್ದವು. ಬದುಕಿದ್ದಾಗ ಅಳಿಯ ಕಣ್ಣಿಗೆ ಬಿದ್ದರೆ ಸಾಕು, "ನಾಳೆ ಮಾಡೋದನ್ನ ಇವತ್ತೇ ಮಾಡ್ರೀ" ಎನ್ನುತ್ತಿದ್ದರು. ಅಳಿಯನೋ, ಇವತ್ತಿನದನ್ನೂ ನಾಡಿದ್ದಿಗೆ ತಳ್ಳುವ ಆಸಾಮಿ.

"ಆ ಹಳೇ ಡಬ್ಬ ಗುಜರಿಗೆ ಹಾಕೋಣ ಕಣೇ. ನನಗೊಂದು ಕೋಣೆ ಆಗುತ್ತೆ."

"ಅಮ್ಮನ್ನ ಕೇಳಿ," ಎಂದಳು ಹೆಂಡತಿ.

"ನೀನೇ ಕೇಳು."

"ಕೋಣೆ ನಿಮಗೆ ಬೇಕೋ, ನನಗೆ ಬೇಕೋ?"

ಕೇಳುವ ಧೈರ್ಯವಿಲ್ಲದ ಪ್ಯಾಚಪ್ಪ ಸಾಕ್ಷ್ಯ ಒದಗಿಸಲು ಹೊರಟ. ಕಚೇರಿಗೆಂದು ಹೊಸ ಅಪ್‌ಡೇಟ್ ತಂತ್ರಾಂಶವೊಂದನ್ನು ಪರೀಕ್ಷಿಸುತ್ತಿದ್ದನಲ್ಲ, ಅದಕ್ಕೆ ಮನೆಯ ಯಂತ್ರಗಳನ್ನೂ ಸೇರಿಸಿದ. ಹೆಂಡತಿಯದಕ್ಕೆ 'ಮಹಾರಾಣಿ' ಎಂದು ಹೆಸರಿಟ್ಟ, ತನ್ನದಕ್ಕೆ 'ಅಳಿಯ', ಹಿಂದಿನ ಕೋಣೆಯದಕ್ಕೆ 'ಮಾವ'. ಯಾವ ಯಂತ್ರ ಕೊನೆಯ ಸಲ ಯಾವಾಗ ಚಾಲೂ ಆಗಿತ್ತು ಎಂದು ಅದು 'ಲಾಸ್ಟ್ ಸೀನ್' ಎಂಬಲ್ಲಿ ತೋರಿಸುತ್ತದೆ. ತಿಂಗಳು ಕಳೆದ ಮೇಲೆ ಅತ್ತೆಯನ್ನು ಕರೆದು, "ನೋಡಿ, ಯಾರೂ ಮುಟ್ಟೇ ಇಲ್ಲ" ಎಂದರಾಯಿತು. ಅತ್ತೆಗೆ ಓದಲಾಗಲೆಂದು ಪದಗಳನ್ನೂ ಕನ್ನಡಕ್ಕೆ ತಿರುಗಿಸಿದ.

"ಲಾಸ್ಟ್ ಸೀನ್‌ಗೆ ಕನ್ನಡದಲ್ಲಿ ಏನೇ?"

ಹೆಂಡತಿ ಟೀವಿಯಲ್ಲಿ ಯಾರೋ ದೊಡ್ಡವರು ಹೋದ ಸುದ್ದಿ ನೋಡುತ್ತಿದ್ದಳು. ತಿರುಗದೆಯೇ, "ಅಂತಿಮ ದರ್ಶನ" ಎಂದಳು. ಪ್ಯಾಚಪ್ಪ ಹಾಗೇ ಬರೆದುಕೊಂಡ. ಕೋಣೆ ಸಿಕ್ಕೇಬಿಟ್ಟಿತೆಂದು ಚಕ್ರದ ಮೆತ್ತನೆಯ ಕುರ್ಚಿಯನ್ನೂ ತರಿಸಿ, ಪ್ಲಾಸ್ಟಿಕ್ಕೂ ಬಿಚ್ಚದೆ ಹಜಾರದಲ್ಲಿ ನಿಲ್ಲಿಸಿದ. (ಕೂಸು ಹುಟ್ಟುವ ಮುಂಚೆ ಕುಲಾವಿ.)

ಒಂದು ಮಧ್ಯಾಹ್ನ ಪರದೆ ತೆರೆದು ನೋಡುತ್ತಾನೆ: 'ಮಾವ. ಅಂತಿಮ ದರ್ಶನ:' ಎಂಬುದರ ಮುಂದೆ ಒಂದು ತಾರೀಖು. ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದ. ನಾಳೆಯ ತಾರೀಖು!

ಸತ್ತವರ ಅಂತಿಮ ದರ್ಶನ ಆಗಲೇ ಆಗಿತ್ತು. ಸಾಲಿನಲ್ಲಿ ನಿಂತು ಇವನೇ ಕೈಮುಗಿದಿದ್ದ. ಮತ್ತೆ ನಾಳೆ ಎಂದರೆ?

ಪ್ಯಾಚಪ್ಪ ಕಸುಬುದಾರ. ಹೆದರಿಕೆಯನ್ನು ಪಕ್ಕಕ್ಕಿಟ್ಟು ಹುಡುಕಿದ. ದಿನ ತಿಂಗಳು ಅದಲುಬದಲಾಗಿದೆಯೇ? ಇಲ್ಲ. ಬೇರೆ ದೇಶದ ವೇಳೆ ಹಿಡಿದಿದೆಯೇ? ಇಲ್ಲ. 'ಮಹಾರಾಣಿ' ಸರಿಯಿದ್ದಳು, 'ಅಳಿಯ'ನೂ ಸರಿಯಿದ್ದ. ಕೊನೆಗೆ ಹಿಂದಿನ ಕೋಣೆಗೆ ಹೋಗಿ ಮಾವನವರ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತು ಬಂದ. ಬರುವಾಗ ಸ್ವೆಟರಿನ ತೋಳು ಮೊಣಕೈಗೆ ಸವರಿತು. ತಿರುಗಿ ನೋಡಲಿಲ್ಲ.

ಮರುದಿನ ಊಟವಾದ ಮೇಲೆ ಮನೆ ಸದ್ದಡಗಿತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅತ್ತೆ ಮಲಗಲು ಹೋಗಿದ್ದರು. ಪರದೆಯಲ್ಲಿ 'ಮಾವ'ನ ಸಾಲು ಒಮ್ಮೆ ಮಿನುಗಿ ತಾರೀಖು ಬದಲಾಯಿತು. ಮತ್ತೆ ನಾಳೆ. ಪ್ಲಗ್ಗಿಲ್ಲದ ಯಂತ್ರ, ಪ್ರಾಣವಿಲ್ಲದ ಯಜಮಾನ, ದರ್ಶನ ಮಾತ್ರ ನಾಳೆ! ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಸದ್ದು ಬಂತು. ಕಿರ್ರ್... ಟಕ್. ಟಕ್.

ಪ್ಯಾಚಪ್ಪ ಎದ್ದ. ಗೋಡೆ ಹಿಡಿದುಕೊಂಡು ಹೋದ. ಮುಚ್ಚಿದ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಕಂಡಿತು. ಎರಡೂ ಕೈ ತಾವಾಗಿಯೇ ಜೋಡಿಯಾದವು.

"ಮಾವ, ತಪ್ಪಾಯ್ತು! ಕೋಣೆ ನಿಮ್ದೇ! ಗುಜರಿ ಮಾತು ಇನ್ನು ಎತ್ತಲ್ಲ! ನನ್ನ ಹೊಸ ಕುರ್ಚಿನೂ ನಿಮಗೇ ಇರ್ಲಿ! ನಾನು ಅಡುಗೆಮನೆ ಮೂಲೆಯಲ್ಲಿ ಬೇಕಾದ್ರೂ ಕೂರ್ತೀನಿ!"

ಟಕ್ ಟಕ್ ನಿಂತಿತು. ಬಾಗಿಲು ನಿಧಾನವಾಗಿ ತೆರೆಯಿತು. ಹೊಸ್ತಿಲಲ್ಲಿ ಬೂದು ಸ್ವೆಟರು ನಿಂತಿತ್ತು. ಪ್ಯಾಚಪ್ಪ ಒಗೆಯುವ ಬಟ್ಟೆಯ ಬುಟ್ಟಿಯ ಮೇಲೆ ಕುಸಿದ.

"ಯಾಕೆ ಅಳಿಯಂದ್ರೇ, ಯಾರ ಹತ್ರ ಮಾತಾಡ್ತಿದೀರಾ?"

ಸ್ವೆಟರಿನೊಳಗೆ ಅತ್ತೆ ಇದ್ದರು.

"ಅತ್ತೆ... ನೀವಾ? ಪ್ಲಗ್ಗು?"

"ಕಿತ್ತುಬಂದಿತ್ತು, ಸಿಕ್ಕಿಸಿದೆ. ಮಧ್ಯಾಹ್ನ ನಿದ್ದೆ ಬರಲ್ಲ ಕಣಪ್ಪ. ಇದರಲ್ಲಿ ಇಸ್ಪೀಟು ಆಡ್ತೀನಿ. ಆಡ್ತಾ ಇದ್ರೆ ಅವರು ಹಿಂದೆ ನಿಂತು 'ಆ ಎಲೆ ಅಲ್ಲ ಕಣೇ, ದಡ್ಡಿ' ಅಂತ ಬೈದಂಗಿರುತ್ತೆ." ಅತ್ತೆ ಸ್ವೆಟರಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು. ಪ್ಯಾಚಪ್ಪನಿಗೆ ನಾಚಿಕೆಯಾಯಿತು.

"ಮತ್ತೆ ತಾರೀಖು?"

"ಅದರ ಗಡಿಯಾರದ ಸೆಲ್ಲು ಸತ್ತಿದೆ. ಹಾಕಿದಾಗೆಲ್ಲ ತಾರೀಖು ಕೇಳುತ್ತೆ. ನಿಮ್ಮ ಮಾವ ಯಾವಾಗ್ಲೂ ನಾಳೇದೇ ಹಾಕ್ತಿದ್ರು, ಯಾವ ಕೆಲಸಾನೂ ತಡ ಆಗಬಾರದು ಅಂತ. ನಾನೂ ಹಾಗೇ ಹಾಕ್ತೀನಿ."

ಇಷ್ಟೇ! ಪ್ಯಾಚಪ್ಪ ನಗಲು ಬಾಯಿ ತೆರೆದ. ಅತ್ತೆ ಅಷ್ಟರಲ್ಲಿ ಹಜಾರದ ಕಡೆ ನಡೆದಿದ್ದರು.

"ಹೊಸ ಕುರ್ಚಿ ಅಂದ್ರಲ್ಲ, ಇದೇನಾ? ನನ್ನ ಸೊಂಟಕ್ಕೆ ಹೇಳಿ ಮಾಡಿಸಿದಂಗಿದೆ. ಮಾವನಿಗೆ ಕೊಟ್ಟ ಮಾತು ನೋಡಿ, ತಪ್ಪಬಾರದು."

ಈಗ ಪ್ಯಾಚಪ್ಪನ ಕಚೇರಿ ಅಡುಗೆಮನೆಯ ಮೂಲೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ. ಮೊನ್ನೆ ಪರದೆ ತೆರೆದವನು ಬೆವರಿದ. 'ಅಳಿಯ. ಅಂತಿಮ ದರ್ಶನ:' ನಾಳೆಯ ತಾರೀಖು.

"ನಿಮ್ಮ ಕಂಪ್ಯೂಟರಿಗೂ ನಾಳೇದು ನಾನೇ ಹಾಕಿದೆ," ಎಂದರು ಅತ್ತೆ. "ಇನ್ಮೇಲಾದ್ರೂ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸ್ತೀರಿ ಅಂತ."

ಗಡಿಯಾರದ ಆಟವೆಂದು ಅವನಿಗೆ ಗೊತ್ತು. ಗೊತ್ತಿರುವುದು ಅವನ ಕಸುಬೇ.

"ರೀ, ಹಜಾರದ ಬಲ್ಬು ಹೋಗಿ ಎಷ್ಟು ದಿನ ಆಯ್ತು," ಎಂದಳು ಹೆಂಡತಿ. "ನಾಳೆಯಾದ್ರೂ ಸ್ಟೂಲ್ ಹತ್ತಿ ಹಾಕ್ತೀರಾ?"

ಪ್ಯಾಚಪ್ಪ ಒಮ್ಮೆ ಸ್ಟೂಲು ನೋಡಿದ, ಒಮ್ಮೆ ಪರದೆ ನೋಡಿದ.

"ನಾಳೆ ಬೇಡ ಕಣೇ. ಇವತ್ತೇ ಮಾಡಿಬಿಡ್ತೀನಿ."

ಹೆಂಡತಿ ಬಲ್ಬು ಕೊಟ್ಟಳು, ಅತ್ತೆ ಸ್ಟೂಲು ಹಿಡಿದುಕೊಂಡರು. ಹಿಂದಿನ ಕೋಣೆಯಲ್ಲಿ, ಹಳೆಯ ಕುರ್ಚಿ ಕಿರ್ರೆಂದಿತು.