ಮೇಷ್ಟ್ರ ಗಾಜಿನ ಬೀರು, ನಮ್ಮ ಸೈಕಲ್ ಟೀಮು

ಸೈಕಲ್ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಬೀಳುತ್ತಾರೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ನಮ್ಮ ಟೀಮಿನವರು ಮಾತ್ರ ಬೀಳದೆಯೇ ನಗೆಪಾಟಲಾಗುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಹೊಸದುರ್ಗದಲ್ಲಿ ಗುಮಾಸ್ತನಾಗಿದ್ದಾಗ ಒಂದು ಸೀಸನ್ ಪೂರ್ತಿ ನಾನೂ ಅದರಲ್ಲಿ ಪೆಡಲ್ ತುಳಿದೆ. ನಾವು ನಾಲ್ಕು ಜನ: ಕ್ಯಾಪ್ಟನ್ ಆಗಿದ್ದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಒಬ್ಬ ಪೋಸ್ಟ್‌ಮ್ಯಾನ್, ಮನೆಮನೆಗೆ ಹಾಲು ಹಾಕುವ ಒಬ್ಬ ಹಾಲಿನವನು, ಮತ್ತು ನಾನು.

ಹಾಲಿನವನು ಹೆಸರಿಗಷ್ಟೇ ಟೀಮಿನಲ್ಲಿದ್ದ. ಹಿಂದೆ ಎರಡು ತುಂಬಿದ ಕ್ಯಾನು ತೂಗದಿದ್ದರೆ ಅವನಿಗೆ ಬ್ಯಾಲೆನ್ಸೇ ಸಿಗುತ್ತಿರಲಿಲ್ಲ. ಖಾಲಿ ಸೈಕಲ್ ಹತ್ತಿದರೆ ನೇರ ಚರಂಡಿಗೆ. "ಕ್ಯಾನು ಕಟ್ಕೊಂಡೇ ಬರ್ತೀನಿ ಮೇಷ್ಟ್ರೇ" ಅಂದರೆ ಮೇಷ್ಟ್ರು, "ರೇಸಿಗೆ ಬರ್ತೀಯೋ, ವರ್ತನೆ ಹಾಲು ಹಾಕಾಕೆ ಬರ್ತೀಯೋ? ನನ್ನ ಮಾನ ಏನಾಗ್ಬೇಕು?" ಎಂದು ಗದರಿ, ಅವನಿಗೆ ನಮ್ಮ ಬುತ್ತಿ ಕಾಯುವ ಕೆಲಸ ಕೊಟ್ಟಿದ್ದರು.

ಬೀರು ಬಂತು

ಮೇಷ್ಟ್ರಿಗೆ ಅದು ನಿವೃತ್ತಿಯ ವರ್ಷ. ಊರ ಹುಡುಗರನ್ನೆಲ್ಲ ಓಡಿಸಿ ಗೆಲ್ಲಿಸಿದ ಮನುಷ್ಯನಿಗೆ ಸ್ವಂತದ್ದು ಅಂತ ಒಂದು ಕಪ್ ಇರಲಿಲ್ಲ. ಈ ಸಲ ಗೆದ್ದೇ ಗೆಲ್ಲುತ್ತೇವೆಂದು ಸೀಸನ್ ಶುರುವಾಗುವ ಮೊದಲೇ ನಡುಮನೆಯಲ್ಲಿ ನಾಲ್ಕು ಹಲಗೆಯ ಗಾಜಿನ ಬೀರು ಮಾಡಿಸಿಬಿಟ್ಟರು. ಒಂದೇ ಕಪ್ ಬಂದರೂ ಎರಡು ಕಾಣಲಿ ಎಂದು ಹಿಂಬದಿಗೆ ಕನ್ನಡಿ ಬೇರೆ.

ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ನಾಲ್ಕು ರೇಸು, ನಾಲ್ಕು ಹಲಗೆ. ಸೋತು ಬಂದಾಗೆಲ್ಲ ಒಂದೊಂದು ಹಲಗೆ ನಂದು. ನಾಲ್ಕೂ ಸೋತ್ರೆ ಇಡೀ ಬೀರು ಅಡಿಗೆಮನೆಗೆ. ಆಗ್ಬೌದೇನ್ರಿ?"

ಮೇಷ್ಟ್ರು ಮೀಸೆ ತಿರುವಿ ಒಪ್ಪಿಕೊಂಡರು. ಆಕೆ ಅವತ್ತೇ ಉಪ್ಪಿನಕಾಯಿ ಭರಣಿಗಳನ್ನು ತೊಳೆದು ಬಿಸಿಲಿಗಿಟ್ಟರು.

ಬಾಗೂರಿನ ಕಾಗದ

ಮೊದಲ ರೇಸು ಬಾಗೂರಿನ ಸುತ್ತ, ಬಂಡಿ ಜಾಡಿನಲ್ಲಿ. ಪೋಸ್ಟ್‌ಮ್ಯಾನ್ ದಿನಾ ಓಡಾಡುವ ದಾರಿ ಅದು, ಎಲ್ಲರಿಗಿಂತ ಮುಂದಿದ್ದ. ಆದರೆ ದಾರಿ ಅವನಿಗೆ ಗೊತ್ತಿದ್ದಷ್ಟೇ ದಾರಿಯವರಿಗೂ ಅವನು ಗೊತ್ತಿದ್ದ. ಒಂದು ಮನೆ ಮುಂದೆ ಅಜ್ಜಿಯೊಬ್ಬಳು ಹ್ಯಾಂಡಲ್ ಹಿಡಿದುಕೊಂಡಳು.

"ಕಾಗ್ದ ಐತೇನಪ್ಪ?"

"ಇಲ್ಲಜ್ಜಿ, ಬಿಡು, ರೇಸು ಐತೆ."

"ಹೋದ್ ವಾರ ನೀನೇ ಕೊಟ್ಟಿದ್ದು ಐತಲ್ಲ, ಅದನ್ನೇ ಇನ್ನೊಂದ್ ಸಲ ಓದ್ಹೇಳು. ಮಗಳು ಬರ್ತೀನಿ ಅಂದವ್ಳೋ, ಬರಲ್ಲ ಅಂದವ್ಳೋ ಮರ್ತೋಯ್ತು."

ಇವನು ಜಗುಲಿ ಮೇಲೆ ಕುಳಿತು ಓದಿದ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೂ ತಮ್ಮ ತಮ್ಮ ಹಳೇ ಕಾಗದ ಹಿಡಿದು ಬಂದರು. ರೇಸು ಮುಗಿದು ಎಷ್ಟೋ ಹೊತ್ತಾದ ಮೇಲೆ ಕ್ಯಾರಿಯರ್ ಮೇಲೆ ಒಂದು ಕುಂಬಳಕಾಯಿ ಕಟ್ಟಿಕೊಂಡು ಬಂದ.

"ಕಪ್ ಎಲ್ಲಲೇ?" ಎಂದು ಮೇಷ್ಟ್ರು ಕೂಗಾಡಿದರು.

"ಅದು ಬ್ಯಾರೆಯವ್ರಿಗೆ ಹೋಯ್ತು ಸಾ. ನಮಗೆ ಇದು."

ಮೇಷ್ಟ್ರ ಹೆಂಡತಿ ಕುಂಬಳಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಮೊದಲನೇ ಹಲಗೆಯ ಮೇಲೆ ಕೂರಿಸಿದರು. ಕನ್ನಡಿಯಿಂದಾಗಿ ಎರಡಾಗಿ ಕಾಣುತ್ತಿತ್ತು.

ತಾಳ್ಯದ ಮೇಕೆಗಳು

ಎರಡನೇ ರೇಸು ಹೊಳಲ್ಕೆರೆ ಕಡೆ, ತಾಳ್ಯದ ಹತ್ತಿರ ಹೊಲ ಬೀಳುಗಳ ಮೇಲೆ. ದಾರಿ ತಿಳಿಯಲೆಂದು ಪ್ರತಿ ತಿರುವಿನಲ್ಲೂ ಹಸಿ ಸೊಪ್ಪಿನ ಕೊಂಬೆ ನೆಟ್ಟಿದ್ದರು. ಅವತ್ತು ಏನಾಯಿತೋ, ಜೀವಮಾನದಲ್ಲಿ ಮೊದಲ ಸಲ ನಾನು ಎಲ್ಲರಿಗಿಂತ ಮುಂದಿದ್ದೆ. ಎದೆಯುಬ್ಬಿಸಿಕೊಂಡು ಹೋಗುತ್ತಿದ್ದರೆ, ಒಂದು ಕವಲಿನಲ್ಲಿ ಕೊಂಬೆಯೇ ಇಲ್ಲ. ಕೋಲೂರಿ ನಿಂತಿದ್ದ ಕುರಿಗಾಹಿಯನ್ನು ಕೇಳಿದೆ.

"ಯಜಮಾನ್ರೇ, ಇಲ್ಲಿ ಸೊಪ್ಪಿನ ಕೊಂಬೆ ಇಟ್ಟಿದ್ರಲ್ಲ, ಕಂಡ್ರಾ?"

"ಕಂಡ್ವಪ್ಪ. ಎಳೇ ಸೊಪ್ಪು! ಯಾರೋ ಪುಣ್ಯಾತ್ಮರು ಮೇಕೆಗೆ ಅಂತ ದಾರಿಯುದ್ದಕ್ಕೂ ಇಟ್ಟವ್ರೆ."

ಮೇಕೆಗಳು ಕೊನೆಯ ಎಲೆ ಅಗಿಯುತ್ತಿದ್ದವು. ನನ್ನ ಹಿಂದೆ ಬಂದವರೆಲ್ಲ ಮುಂದಿದ್ದವನಿಗೆ ದಾರಿ ಗೊತ್ತೆಂದು ನಂಬಿದ್ದರು. ಮೊದಲ ಸಲ ಮುಂದಿರುವಾಗ ಗೊತ್ತಿಲ್ಲ ಅನ್ನಲು ನನಗೂ ಮನಸ್ಸು ಬರಲಿಲ್ಲ. ಮೇಕೆ ಹೋದ ಕಡೆ ನಾನು ಹೋದೆ, ನಾನು ಹೋದ ಕಡೆ ಎಲ್ಲರೂ ಬಂದರು. ಒಂದು ಕುರಿಹಟ್ಟಿ ಸಿಕ್ಕಿತು. ಅಲ್ಲಿಯ ಹೆಂಗಸರು "ಬರ್ರಿ, ಕುಂತ್ಕಳ್ರಿ" ಎಂದು ರೊಟ್ಟಿ ಮಜ್ಜಿಗೆ ಕೊಟ್ಟರು. ಅತ್ತ ರೇಸು ನಡೆಸುವವರು ಹಾರ ಹಿಡಿದು ಕಾದೂ ಕಾದೂ, ಒಬ್ಬನೂ ಬಾರದ್ದರಿಂದ ಕಪ್ ವಾಪಸ್ ತೆಗೆದುಕೊಂಡು ಮನೆಗೆ ಹೋದರು.

"ನಾವು ಸೋತಿಲ್ಲ ಕಣೇ" ಅಂದರು ಮೇಷ್ಟ್ರು.

"ಗೆದ್ದೂ ಇಲ್ಲ" ಎಂದು ಹೆಂಡತಿ ಎರಡನೇ ಹಲಗೆಗೆ ಮಾವಿನಕಾಯಿ ಭರಣಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿಗೆ ಉಪ್ಪಿನಕಾಯಿ ಕೊಟ್ಟಿದ್ರಾ?" ಎಂದು ಕೇಳಿದರು. ಇಲ್ಲ, ಅದೊಂದು ಕೊರತೆಯಾಯಿತು ಅಂದೆ. ಮೇಷ್ಟ್ರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಹಿರಿಯೂರಿನ ಸೀಟಿ

ಮೂರನೆಯದು ಹಿರಿಯೂರಿನಲ್ಲಿ, ಕಾಲುವೆ ಏರಿಯ ಮೇಲೆ. "ನಿಮ್ಮನ್ನ ನಂಬಿದ್ದು ಸಾಕು, ನಾನೇ ಗೆಲ್ತೀನಿ" ಎಂದು ಮೇಷ್ಟ್ರು ಪ್ಯಾಂಟು ಮಡಚಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟರು. ಚೆನ್ನಾಗಿಯೇ ತುಳಿದರು. ಮುಂದೆ ಏಳೆಂಟು ಜನ ಮಾತ್ರ ಇದ್ದಾಗ ದಾರಿಗೆ ಒಂದು ಎಮ್ಮೆ ಬಂತು. ಅದು ಸರಿಯಲಿ ಎಂದು ಮೇಷ್ಟ್ರು ಸೀಟಿ ಊದಿದರು.

ಎಮ್ಮೆ ಕದಲಲಿಲ್ಲ. ಮುಂದಿದ್ದವರೆಲ್ಲ ಗಕ್ಕನೆ ಬ್ರೇಕ್ ಹಾಕಿ, ಇಳಿದು, ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಂತುಬಿಟ್ಟರು. ಎಲ್ಲರೂ ಒಂದಲ್ಲ ಒಂದು ಸ್ಕೂಲಿನಲ್ಲಿ ಮೇಷ್ಟ್ರ ಕೈಯಲ್ಲಿ ಪಳಗಿದವರೇ. ಮೇಷ್ಟ್ರಾದರೂ ಮುಂದೆ ಹೋಗಬೇಕೋ ಬೇಡವೋ? ಅವರೂ ಇಳಿದು, ಸಾಲು ಸರಿಯಾಗಿದೆಯೇ ಎಂದು ಈ ತುದಿಯಿಂದ ನೋಡಿ, ಒಬ್ಬನಿಗೆ "ಎದೆ ಮುಂದೆ!" ಅಂದರು. ಅಷ್ಟರಲ್ಲಿ ಎಲ್ಲರ ಹಿಂದಿದ್ದ ಯಾವನೋ ಪರವೂರಿನವನು ನಮ್ಮನ್ನೆಲ್ಲ ದಾಟಿ ಕಪ್ ಹೊಡೆದುಕೊಂಡು ಹೋದ.

ಮೂರನೇ ಹಲಗೆಗೆ ನಿಂಬೆಕಾಯಿಯ ಪಿಂಗಾಣಿ ಭರಣಿ ಬರುವಾಗಲೂ ಮೇಷ್ಟ್ರು ಗೊಣಗುತ್ತಲೇ ಇದ್ದರು: "ಶಿಸ್ತೇ ಇಲ್ಲದ ಮನುಷ್ಯ! ಸೀಟಿ ಊದಿದ್ರೂ ನಿಲ್ಲಲ್ಲ ಅಂದ್ರೆ ಏನರ್ಥ?"

ಜೋಗಿಮಟ್ಟಿಯ ಏರು

ಉಳಿದದ್ದು ಒಂದೇ ಹಲಗೆ, ಒಂದೇ ರೇಸು. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ರಸ್ತೆಯನ್ನು ಹತ್ತಬೇಕಿತ್ತು. ಮುಂದಿನ ತಿಂಗಳು ನಿವೃತ್ತಿ. ಮೇಷ್ಟ್ರು ಮೀಸೆ ತಿರುವುವುದನ್ನೇ ಬಿಟ್ಟಿದ್ದರು. ಅವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಏರಿನಲ್ಲಿ ಸೈಕಲ್ ತಳ್ಳಿಕೊಂಡು ಓಡುವವರೇ ಹೆಚ್ಚೆಂದು ಅಲ್ಲಿ ಒಂದು ನಿಯಮ ಮಾಡಿದ್ದರು: ಕಾಲು ನೆಲಕ್ಕೆ ತಾಗಿದರೆ ಔಟ್. ಅದನ್ನು ಕೇಳಿದ ಮೇಷ್ಟ್ರು ಹಾಲಿನವನ ಸೈಕಲ್ಲನ್ನೊಮ್ಮೆ ನೋಡಿದರು. ಆಮೇಲೆ ಹಾಲಿನವನ ಕಡೆ ತಿರುಗಿ, ಮಾನವನ್ನು ಪಕ್ಕಕ್ಕಿಟ್ಟು, "ಲೇ, ಕ್ಯಾನು ಕಟ್ಕೊಳಲೇ" ಅಂದರು.

ನಮ್ಮ ಬುತ್ತಿ ಹಾಕಿ ತಂದಿದ್ದ ಕ್ಯಾನುಗಳನ್ನು ಖಾಲಿ ಮಾಡಿ ನೀರು ತುಂಬಿಸಿದೆವು. "ಅರ್ಧ ಲೀಟರ್ ಹಾಕಪ್ಪ, ನೀರು ಕಮ್ಮಿ ಇರ್ಲಿ" ಎಂದು ನೆರೆದವರೆಲ್ಲ ನಕ್ಕರು. ಸೀಟಿ ಊದಿದ್ದೇ ತಡ, ಉಳಿದವರೆಲ್ಲ ಬಿರುಸಾಗಿ ಹೊರಟೆವು. ಮೊದಲ ತಿರುವಿನಲ್ಲಿ ಅರ್ಧ ಜನ ಕಾಲೂರಿದರು. ಎರಡನೆಯದರಲ್ಲಿ ನಾನು, ಪೋಸ್ಟ್‌ಮ್ಯಾನ್. ಮೂರನೆಯದರಲ್ಲಿ ಮೇಷ್ಟ್ರು. ಅದರಾಚೆ ಒಬ್ಬೊಬ್ಬರಾಗಿ ಎಲ್ಲರೂ ರಸ್ತೆ ಪಕ್ಕ ಕುಳಿತರು. ಎಲ್ಲರ ಹಿಂದೆ, ರಸ್ತೆಯ ಈ ಅಂಚಿಂದ ಆ ಅಂಚಿಗೆ ಓಲಾಡುತ್ತ, ಹಾಲಿನವನು ಬಂದ.

ಮೇಷ್ಟ್ರು ಏದುಸಿರು ಬಿಡುತ್ತ ಪಕ್ಕದಲ್ಲೇ ಓಡಿದರು. "ಇಳೀಬ್ಯಾಡ ಕಣಲೇ!"

"ಇಳಿಯಾದೆಂಗೆ ಮೇಷ್ಟ್ರೇ? ಕ್ಯಾನು ತುಂಬಿದ್ರೆ ಯಾರಾದ್ರೂ ಹಿಂದೆ ಹಿಡ್ಕಳತನ್ಕ ನಂಗೆ ಇಳಿಯಾಕೇ ಬರಲ್ಲ."

ಗುಡ್ಡದ ತುದಿಯಲ್ಲಿ ಗೆದ್ದ ಮೇಲೂ ಅವನು ಇಳಿಯಲಿಲ್ಲ. ಹಾರ ಹಿಡಿದವರ ಸುತ್ತ ಗಿರಗಿರ ತಿರುಗುತ್ತಲೇ ಇದ್ದ. ಮೇಷ್ಟ್ರೇ ಮೇಲೆ ಬಂದು ಕ್ಯಾರಿಯರ್ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಪೇಪರ್ ಸುತ್ತಿ ಕೊಟ್ಟ ಕಪ್ಪನ್ನು ಮೇಷ್ಟ್ರು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದರು. "ಮನೇಲೇ ಬಿಚ್ಚಾಣ" ಅಂದರು. ಮನೆಗೆ ಬಂದು ನೋಡಿದರೆ ಬೀರು ಖಾಲಿ, ಹಲಗೆಗಳೆಲ್ಲ ಒರೆಸಿ ಫಳಫಳ ಅನ್ನುತ್ತಿದ್ದವು. ಗೆದ್ದ ಸುದ್ದಿ ಇನ್ನೂ ಊರಿಗೇ ಬಂದಿರಲಿಲ್ಲ. "ಭರಣಿ ಎಣ್ಣೆ ಸೋರ್ತಿತ್ತು, ಅದಕ್ಕೇ ತೆಗೆದೆ" ಎಂದು ಹೆಂಡತಿ ಬೇರೆ ಕಡೆ ನೋಡಿದರು.

ಪೇಪರ್ ಬಿಚ್ಚಿದೆವು. ಮೇಷ್ಟ್ರ ಮುಖ ಇಳಿಯಿತು. ಕಪ್ ಮೇಲೆ ಕೆತ್ತಿದ್ದನ್ನು ಪೋಸ್ಟ್‌ಮ್ಯಾನ್ ಕಾಗದ ಓದುವ ದನಿಯಲ್ಲಿ ಓದಿದ: "ನಿಧಾನ ಸೈಕಲ್ ಸ್ಪರ್ಧೆ, ಪ್ರಥಮ ಬಹುಮಾನ." ಹಿಂದೆ ಯಾವುದೋ ಆಟೋಟದಲ್ಲಿ ಉಳಿದುಹೋದ ಕಪ್ಪನ್ನು ನಮಗೆ ದಾಟಿಸಿದ್ದರು.

"ಸರಿಯಾಗೇ ಬರ್ದವ್ರಲ್ಲ" ಅಂದ ಹಾಲಿನವನು. "ನಾನ್ಯಾವಾಗ ಜೋರಾಗಿ ಹೋದೆ?"

ಮೇಷ್ಟ್ರು ಅಕ್ಷರದ ಕಡೆಯನ್ನು ಹಿಂದಕ್ಕೆ ತಿರುಗಿಸಿ ಕಪ್ ಇಟ್ಟರು. ತಾವೇ ಹಾಕಿಸಿದ ಕನ್ನಡಿಯನ್ನು ಮರೆತಿದ್ದರು. ಅಭಿನಂದಿಸಲು ಬಂದವರೆಲ್ಲ ಕತ್ತು ಓರೆ ಮಾಡಿ, ಕನ್ನಡಿಯೊಳಗಿನ ತಿರುಗುಮುರುಗು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಮೂರನೇ ದಿನ ಮೇಷ್ಟ್ರು ಅಡಿಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು:

"ಆ ನಿಂಬೆಕಾಯಿ ಭರಣಿ ಈಚೆ ಕೊಡೇ. ಕಪ್ ಹಿಂದೆ ಇಡ್ಬೇಕು."