ನಮ್ಮ ಮನೆಗೆ ಕಂಪ್ಲೇಂಟ್ ಪುಸ್ತಕ ಇಲ್ಲ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು, ಕಟ್ಟಿದ ಮೇಲೆ ಏನೇನು ನೋಡಬೇಕಾಗುತ್ತದೆ ಎಂಬುದನ್ನು ಮಾತ್ರ ಹೇಳದೆ ಜಾರಿಕೊಂಡಿದ್ದಾರೆ. ಬಂಗಾರಪೇಟೆಯಲ್ಲಿ ಮನೆ ಕಟ್ಟಿಸಿ, ರಿಟೈರ್ಮೆಂಟ್ ದುಡ್ಡಿನಲ್ಲಿ ಬ್ಯಾಂಕಿನ ಸಾಲ ತೀರಿಸಿದ ದಿನ ನಮ್ಮ ಯಜಮಾನರು, "ಇನ್ನು ಈ ಮನೆಗೆ ಒಂದು ಪೈಸೆ ಬಿಚ್ಚೋದಿಲ್ಲ" ಎಂದು ಕಾಲು ಚಾಚಿ ಕೂತರು. ಮನೆ ಅದನ್ನು ಕೇಳಿಸಿಕೊಂಡಿರಬೇಕು. ಮಾರನೇ ವಾರವೇ ನೀರಿನ ಮೋಟರ್ ಸುಟ್ಟುಹೋಯಿತು. ಅವತ್ತಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ದುಡ್ಡಿನ ಖರ್ಚಾದರೆ ಹೇಗೋ ತಡೆದುಕೊಳ್ಳಬಹುದು. ಬೇರೆ ಖರ್ಚುಗಳಿವೆ, ಅವನ್ನು ಯಾವ ಇಂಜಿನಿಯರೂ ಎಸ್ಟಿಮೇಟಿನಲ್ಲಿ ಬರೆದುಕೊಡುವುದಿಲ್ಲ.

ಬರೆದಿಟ್ಟು ಹೋಗಿ

ನಾವಿಬ್ಬರೂ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರು ಮೆಷಿನ್ ಶಾಪಿನಲ್ಲಿ, ನಾನು ಎಸ್ಟೇಟ್ ಸೆಕ್ಷನ್ನಿನಲ್ಲಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಲ್ಲಿ ಸೋರಲಿ, ಬಾಗಿಲು ಊದಿಕೊಳ್ಳಲಿ, ಜನ ಬರುತ್ತಿದ್ದುದು ನನ್ನ ಮೇಜಿಗೆ. ನಾನು ಕಂಪ್ಲೇಂಟ್ ಪುಸ್ತಕ ತಳ್ಳಿ, "ಬರೆದಿಟ್ಟು ಹೋಗಿ, ನೋಡೋಣ" ಎನ್ನುತ್ತಿದ್ದೆ. ಪ್ಲಂಬರ್ ಹೋಗಿ ಸರಿಮಾಡಿ, ಮನೆಯವರಿಂದ ಸ್ಲಿಪ್ಪಿಗೆ ಸಹಿ ಹಾಕಿಸಿಕೊಂಡು ಬರಬೇಕು. ಸಹಿ ಬೀಳದಿದ್ದರೆ ಸಹಿ ಬೀಳುವ ತನಕ ಮತ್ತೆ ಮತ್ತೆ ಹೋಗಬೇಕು. ಕೆಲವರು ಬೇಕೆಂದೇ ಸಹಿ ಹಾಕದೆ ಸತಾಯಿಸುತ್ತಿದ್ದರು. ಅಂಥವರಿಗೆ ನಾನೇ ಫೋನ್ ಮಾಡಿ ಚೆನ್ನಾಗಿ ಬೈಯುತ್ತಿದ್ದೆ.

ಸ್ವಂತ ಮನೆಗೆ ಬಂದು ಒಂದು ತಿಂಗಳಾಗಿರಬಹುದು, ಅಡುಗೆಮನೆ ನಲ್ಲಿ ತೊಟ್ಟಿಕ್ಕತೊಡಗಿತು. ಯಜಮಾನರು ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಮೂರನೇ ದಿನ ರೇಗಿದರು.

"ಏನೇ ಇದು, ಇನ್ನೂ ಯಾರೂ ಬಂದಿಲ್ವಲ್ಲ?"

"ನೀವು ಯಾರಿಗೆ ಹೇಳಿದ್ದೀರಿ?"

"ನಿನಗೆ ಹೇಳಿದ್ನಲ್ಲ!"

ಪಾಪ, ಅವರದೇನೂ ತಪ್ಪಿಲ್ಲ. ಇಪ್ಪತ್ತೆಂಟು ವರ್ಷ ಮನೆಯಲ್ಲಿ ಏನು ಕೆಟ್ಟರೂ ಹೆಂಡತಿಗೆ ಹೇಳಿದರೆ ಸಾಕು, ಪ್ಲಂಬರ್ ಬಂದು ನಿಲ್ಲುತ್ತಿದ್ದ. ಎಲ್ಲ ಗಂಡಸರಿಗೂ ಹೀಗೇ ಆಗುತ್ತದೆ ಎಂದುಕೊಂಡಿದ್ದರು.

ನಾನು ಕ್ಯಾಲೆಂಡರ್ ಹಾಳೆ ಹರಿದು ಪೆನ್ನು ಕೊಟ್ಟೆ. "ಬರೆದಿಟ್ಟು ಹೋಗಿ, ನೋಡೋಣ."

ಮೊಳೆ

ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯಬಾರದು ಎಂದು ನಿಯಮ. ಆ ನೋಟಿಸು ಟೈಪ್ ಮಾಡಿ ಬೋರ್ಡಿಗೆ ಅಂಟಿಸುತ್ತಿದ್ದವಳು ನಾನೇ. ನಮ್ಮ ಮನೆಯ ಗೋಡೆಗೆ ಹದಿನೇಳು ಮೊಳೆ ಹೊಡೆದಿದ್ದವರು ನಮ್ಮ ಯಜಮಾನರೇ. ಕೇಳಿದರೆ, "ಕಂಪನಿ ಗೋಡೆ ಕಣೇ, ನಮ್ಮಪ್ಪಂದಲ್ಲವಲ್ಲ" ಎನ್ನುತ್ತಿದ್ದರು. ಮನೆ ಖಾಲಿ ಮಾಡುವ ಹಿಂದಿನ ದಿನ ಗಂಡ ಹೆಂಡತಿ ಕೂತು ಹದಿನೇಳು ತೂತಿಗೂ ಟೂತ್‌ಪೇಸ್ಟ್ ಮೆತ್ತಿದೆವು. ಬಂಗಾರಪೇಟೆಗೆ ಬಂದ ಮೊದಲನೇ ಬೆಳಿಗ್ಗೆ ಹಲ್ಲುಜ್ಜಲು ಪೇಸ್ಟ್ ಇರಲಿಲ್ಲ.

ಇಲ್ಲಿ ಮೊಳೆ ಹೊಡೆಯಬೇಡಿ ಎನ್ನುವವರು ಯಾರೂ ಇಲ್ಲ. ಆದರೂ ಅವರ ಕೈ ಏಳಲೊಲ್ಲದು. ಸುತ್ತಿಗೆ ಎತ್ತುತ್ತಾರೆ, ಗೋಡೆ ಸವರುತ್ತಾರೆ, "ಬಿರುಕು ಬಿಟ್ಟರೆ?" ಎಂದು ಇಳಿಸುತ್ತಾರೆ. ದೇವರ ಪಟಗಳು ಮೇಜಿನ ಮೇಲೆ ಒಂದಕ್ಕೊಂದು ಒರಗಿ ನಿಂತಿವೆ. ಗಡಿಯಾರ ಒಂದು ಕುರ್ಚಿಯ ಬೆನ್ನಿಗೆ ಒರಗಿ ಕೂತಿದೆ.

ಹಾಸನದ ಕಡೆಯಿಂದ ನಮ್ಮ ದೊಡ್ಡಪ್ಪನವರು ಮನೆ ನೋಡಲು ಬಂದಿದ್ದರು. ಕಣ್ಣು ಮಂಜು, ನೇರ ಹೋಗಿ ಆ ಕುರ್ಚಿಯಲ್ಲೇ ಕೂತರು. ಊಟವಾಯಿತು, ಮಾತಾಯಿತು. ಜಂಕ್ಷನ್ನಿನಲ್ಲಿ ಅವರಿಗೆ ಟ್ರೇನು ಹಿಡಿಯುವುದಿತ್ತು.

"ಟೈಮ್ ಎಷ್ಟಾಯ್ತಪ್ಪಾ?" ಎಂದರು.

ನಮ್ಮ ಯಜಮಾನರು ತುಂಬ ವಿನಯದಿಂದ ಹೇಳಿದರು: "ಸ್ವಲ್ಪ ಮುಂದಕ್ಕೆ ಬಗ್ಗಿ ದೊಡ್ಡಪ್ಪ, ನೋಡಿ ಹೇಳ್ತೀನಿ."

ಮೂರು ಸಲ ತಟ್ಟಿದರೆ ನೀರು

ಈಗ ಅಕ್ಕನ ವಿಷಯ ಹೇಳಬೇಕು. ಕ್ವಾರ್ಟರ್ಸಿನಲ್ಲಿ ನಮ್ಮದು ಜೋಡಿ ಮನೆ, ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಅಕ್ಕ. ಒಡಹುಟ್ಟಿದವಳೇನಲ್ಲ, ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ತಮಿಳು, ಬೈಯುವಾಗ ಪೂರ್ತಿ ತಮಿಳು. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂದರೆ ಗೋಡೆಯನ್ನು ಮೂರು ಸಲ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ಕಾಫಿಗೆ ಬಾ ಎಂದು ಅರ್ಥ. ನಾನು ಏಳುವುದು ತಡವಾದರೆ ಗೋಡೆಯ ಆಚೆಯಿಂದಲೇ ಕೂಗು: "ಏನ್ ಮಾ, ತಣ್ಣಿ ಬಂದು ಹೋಗ್ತಾ ಐತೆ, ಮಹಾರಾಣಿ ಇನ್ನೂ ಮಲ್ಗಿದೀಯಾ?" ಇಪ್ಪತ್ತೆಂಟು ವರ್ಷ ನಮ್ಮ ಮನೆಗೆ ಅಲಾರಾಂ ಗಡಿಯಾರ ತಂದಿರಲಿಲ್ಲ.

ಸ್ವಂತ ಮನೆಯಲ್ಲಿ ಬೋರ್‌ವೆಲ್ಲು, ಮೋಟರು, ಮೇಲೆ ಟ್ಯಾಂಕು. ಟ್ಯಾಂಕ್ ತುಂಬಿ ಹರಿದು ಚಾವಣಿ ಹಸಿರುಗಟ್ಟಿದ್ದರಿಂದ ಯಜಮಾನರು ಒಂದು ಅಲಾರಾಂ ತಂದು ಸಿಕ್ಕಿಸಿದರು. ಟ್ಯಾಂಕ್ ತುಂಬಿದರೆ ಅದರೊಳಗಿನ ಹೆಂಗಸು ನಯವಾಗಿ, "ದಯವಿಟ್ಟು ಗಮನಿಸಿ, ನಿಮ್ಮ ನೀರಿನ ಟ್ಯಾಂಕ್ ತುಂಬಿದೆ" ಎನ್ನುತ್ತಾಳೆ.

ಮೊದಲನೇ ದಿನ ನಾನು ಒಲೆಯ ಮುಂದೆ ಏನೋ ಯೋಚಿಸುತ್ತಾ ನಿಂತಿದ್ದೆ. ಆ ದನಿ ಬಂತು. ನನಗೇ ತಿಳಿಯದೆ, "ಬಂದೆ ಅಕ್ಕಾ!" ಎಂದು ಕೂಗಿಬಿಟ್ಟೆ. ಈ ಮನೆಯಲ್ಲಿ ಎಲ್ಲ ಗೋಡೆಗಳೂ ನಮ್ಮವೇ, ಆಚೆ ಕಡೆಯಿಂದ ತಟ್ಟುವವರೇ ಇಲ್ಲ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಅವತ್ತು.

ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೇಕಾದ್ರೆ ಅಂಗಡಿಯಲ್ಲಿ ಬೈಯೋ ಅಲಾರಾಂ ಇದೆಯಾ ಅಂತ ಕೇಳಿ ಬರ್ಲಾ?" ಎಂದರು.

ಊಟ ಹಾಕ್ತಾರೆ

ನಮ್ಮ ಮನೆಯ ಎರಡೂ ಪಕ್ಕ ಖಾಲಿ ಸೈಟುಗಳು. ನಮ್ಮ ಸೈಟಿಗೆ ದುಡ್ಡು ಕೊಟ್ಟಿದ್ದೇವೆ, ಅವುಗಳಿಗೆ ಬೆವರು ಕೊಡುತ್ತಿದ್ದೇವೆ. ಮಳೆ ಬಿದ್ದರೆ ಪಾರ್ಥೇನಿಯಂ ಎದೆಯೆತ್ತರ ಬೆಳೆಯುತ್ತದೆ, ಹಿಂದೆಯೇ ಹಾವು. ಅದಕ್ಕೇ ನಮ್ಮ ಯಜಮಾನರು ಹಳೇ ಬನಿಯನ್ ತೊಟ್ಟು, ತಲೆಗೆ ಟವಲು ಸುತ್ತಿ ಪರರ ಸೈಟಿನ ಕಳೆ ಕೀಳುತ್ತಾರೆ.

ಒಂದು ಬೆಳಿಗ್ಗೆ ಕಾರೊಂದು ಬಂದು ನಿಂತಿತು. ಸೈಟಿನ ಮಾಲೀಕರು, ನಾವು ಎಂದೂ ನೋಡದವರು. ನನಗೋ ಖುಷಿ. ಇವರು ಮನೆ ಕಟ್ಟಿದರೆ ಪಕ್ಕದಲ್ಲಿ ಒಂದು ಗೋಡೆಯಾದರೂ ಬರುತ್ತದಲ್ಲ! ಕಾಫಿಗೆ ಕರೆಯೋಣವೆಂದು ಹೊರಗೆ ಬಂದೆ. ಅವರು ಸೊಂಟದ ಮೇಲೆ ಕೈಯಿಟ್ಟು ಯಜಮಾನರ ಕೆಲಸವನ್ನು ಮೆಚ್ಚಿಕೊಂಡು ನೋಡುತ್ತಿದ್ದರು.

"ಚೆನ್ನಾಗಿ ಮಾಡ್ತೀಯಪ್ಪಾ. ಈ ಮನೆಯೋರು ದಿನಕ್ಕೆ ಎಷ್ಟು ಕೊಡ್ತಾರೆ?"

ಯಜಮಾನರು ನನ್ನ ಕಡೆ ಒಮ್ಮೆ ನೋಡಿದರು. "ಊಟ ಹಾಕ್ತಾರೆ ಸಾರ್. ಅದೂ ಟೈಮಿಗಲ್ಲ."

ಮನೆ ಯಾವಾಗ ಕಟ್ಟುತ್ತೀರಿ ಎಂದು ನಾನು ಕೇಳಿದೆ. "ಕಟ್ಟೋದೆಲ್ಲಿ ಬಂತು ಮೇಡಂ, ರೇಟು ಬಂದ್ರೆ ಮಾರ್ತೀನಿ" ಎಂದು ಹೊರಟುಹೋದರು. ಹೋಗುವಾಗ ಯಜಮಾನರಿಗೆ, "ಆ ಮೂಲೇನೂ ಸ್ವಲ್ಪ ನೋಡ್ಕೊಳಪ್ಪಾ" ಎಂದರು. ಇವರು ನೋಡಿಕೊಂಡರು.

ಇವತ್ತು ಬರ್ತೀನಿ

ಕೆಜಿಎಫ್ ಏನು ಅಮೆರಿಕವೇ? ಬಂಗಾರಪೇಟೆಯಿಂದ ಅರ್ಧ ಗಂಟೆ ಬಸ್ಸು. ಅಕ್ಕನಿಗೆ ಫೋನ್ ಮಾಡಿ, "ಈ ಭಾನುವಾರ ಬರ್ತೀನಿ" ಎಂದೆ. ಭಾನುವಾರ ಬೆಳಿಗ್ಗೆ, ಬಾಗಿಲು ಸರಿಮಾಡಲು ಹೇಳಿಟ್ಟಿದ್ದ ಬಡಗಿ ಫೋನ್ ಮಾಡಿ, "ಇವತ್ತು ಬರ್ತೀನಿ ಮೇಡಂ, ಮನೇಲೇ ಇರಿ" ಎಂದ. ಇದ್ದೆ. ಅವನು ಬರಲಿಲ್ಲ. ಮುಂದಿನ ಭಾನುವಾರ ಮೋಟರ್ ವೈಂಡಿಂಗಿನವನು. ಅದರ ಮುಂದಿನದು ಗೆದ್ದಲು ಔಷಧಿಯವನು. ನಾಲ್ಕನೇ ಭಾನುವಾರ ಸೀರೆಯುಟ್ಟು, ಚಪ್ಪಲಿ ಮೆಟ್ಟಿ, ಗೇಟಿಗೆ ಬೀಗ ಹಾಕುತ್ತಿದ್ದೆ, ಬಡಗಿ ಬಂದೇಬಿಟ್ಟ. ಒಂದು ತಿಂಗಳು ಕಾಯಿಸಿದ ದೇವರು ಪ್ರತ್ಯಕ್ಷನಾದಾಗ ಬಸ್ಸಿಗೆ ಹೋಗುತ್ತೇನೆ ಎನ್ನಲಾಗುತ್ತದೆಯೇ? ಯಜಮಾನರೋ ಅವತ್ತು ಊರಿನಲ್ಲಿರಲಿಲ್ಲ.

ಆಮೇಲೆ ಅಕ್ಕ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದಳು. ಅವಳ ಯಜಮಾನರೇ ಒಮ್ಮೆ ಎತ್ತಿ ಮೆತ್ತಗೆ ಹೇಳಿದರು. "ನೀವು ಬರ್ತೀರ ಅಂತ ನಾಲ್ಕು ವಾರ ಪಾಯಸ ಮಾಡಿದ್ಲು ಮೇಡಂ. ನಾಲ್ಕು ವಾರಾನೂ ನಾನೇ ತಿಂದೆ. ನನ್ನ ಶುಗರ್ ಎಷ್ಟಾಗಿದೆ ಕೇಳ್ಬೇಡಿ. ದಯವಿಟ್ಟು ಇನ್ನು ಬರ್ತೀನಿ ಅಂತ ಹೇಳ್ಬೇಡಿ."

ನಾನು ನಕ್ಕೆ. ಫೋನಿಟ್ಟ ಮೇಲೆ ಅತ್ತೆ. ಮುಂದಿನ ವರ್ಷ ಅವರಿಗೂ ರಿಟೈರ್ಮೆಂಟು, ಅಕ್ಕ ವೆಲ್ಲೂರಿಗೆ, ತಮ್ಮನ ಊರಿಗೆ ಹೋಗಿಬಿಡುತ್ತಾಳಂತೆ. ಇರುವ ಒಂದು ವರ್ಷವನ್ನೂ ನಾನು ಬಡಗಿಗೆ ಕೊಟ್ಟು ಕೂತಿದ್ದೆ.

ಗೋಡೆಯ ಕಂಪ್ಲೇಂಟು

ಕಳೆದ ತಿಂಗಳು ಪೆನ್ಶನ್ನಿನ ಕಾಗದಕ್ಕಾಗಿ, ಅಂದರೆ ನಾನಿನ್ನೂ ಬದುಕಿದ್ದೇನೆ ಎಂದು ಸಹಿ ಹಾಕಲು, ಕಾರ್ಖಾನೆಗೆ ಹೋಗಲೇಬೇಕಾಯಿತು. ಬಡಗಿಯ ಫೋನು ಬರುವ ಮೊದಲೇ ಬಸ್ಸು ಹತ್ತಿದೆ. ಮೊದಲು ಅಕ್ಕನ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋಗಿದ್ದಾಳೆ ಎಂದು ಎದುರುಮನೆಯವರು ಹೇಳಿದರು. ಪಕ್ಕದಲ್ಲಿ ನಮ್ಮ ಹಳೇ ಮನೆ ಇನ್ನೂ ಯಾರಿಗೂ ಅಲಾಟ್ ಆಗದೆ ಖಾಲಿ ಬಿದ್ದಿತ್ತು. ಗಂಟೆಗಟ್ಟಲೆ ಕಾದೆ, ಅಕ್ಕ ಬರಲಿಲ್ಲ.

ಕೊನೆಗೆ ಎಸ್ಟೇಟ್ ಸೆಕ್ಷನ್ನಿಗೆ ಹೋದೆ. ನನ್ನ ಕುರ್ಚಿಯಲ್ಲಿ ಹೊಸಬಳು. ನಾನು ಬಾಯಿ ತೆರೆಯುವ ಮೊದಲೇ ಪುಸ್ತಕ ತಳ್ಳಿದಳು. "ಬರೆದಿಟ್ಟು ಹೋಗಿ ಮೇಡಂ, ನೋಡೋಣ."

ನನಗೇನಾಯಿತೋ, ಬರೆದೇಬಿಟ್ಟೆ. ಹಳೇ ಮನೆ ನಂಬರು, ಕೆಳಗೆ ನನ್ನ ಹೆಸರು. ಕಂಪ್ಲೇಂಟ್: 'ಗೋಡೆಯನ್ನು ಮೂರು ಸಲ ತಟ್ಟಿದರೆ ಈಗ ಕೇಳಿಸುತ್ತಿಲ್ಲ.'

ಆ ಶನಿವಾರ ಮಧ್ಯಾಹ್ನ ನಮ್ಮ ಬಂಗಾರಪೇಟೆ ಮನೆಯ ಗೇಟು ಸದ್ದಾಯಿತು. ಕ್ವಾರ್ಟರ್ಸಿನ ಹಳೇ ಪ್ಲಂಬರು. ಕಾಮಸಮುದ್ರದವನು, ಶನಿವಾರ ಅರ್ಧ ದಿನದ ಡ್ಯೂಟಿ ಮುಗಿಸಿ ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋಗುತ್ತಾನೆ. ಕೈಯಲ್ಲಿ ಸ್ಲಿಪ್ಪು. ಹಿಂದೆ ನುಗ್ಗೇಕಾಯಿ ಕಟ್ಟು ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತಿದ್ದವಳು ಅಕ್ಕ.

"ಅಮ್ಮಾ, ನಿಮ್ ಕಂಪ್ಲೇಂಟ್ ನೋಡ್ದೆ" ಎಂದ ಪ್ಲಂಬರು. "ಬೀಗ ತಗ್ಸಿ ಒಳೀಕ್ ಓಗಿ ಗೋಡೆ ಮೂರು ಸಲ ತಟ್ದೆ. ಅನ್ನೊಂದು ಗಂಟೆ ಬಿಸ್ಲು. ಆ ಕಡೆಯಿಂದ ಈಯಮ್ಮ ಎರಡು ಬಿಂದ್ಗೆ ಇಡ್ಕೊಂಡು 'ಬಂದ್ಯಾ ಮಾ?' ಅಂತ ಓಡ್ಬಂದ್ರು. ನನ್ನ್ ನೋಡಿ ಬಿಂದ್ಗೆ ನನ್ ಕಾಲ್ಮೇಲೇ ಬಿಟ್ರು. ಗೋಡೆ ಚೆಂದಾಗೇ ಐತಮ್ಮ. ತೊಂದ್ರೆ ಇರಾದು ಬಂಗಾರಪೇಟೆ ಕಡೆ."

ಸ್ಲಿಪ್ಪಿನಲ್ಲೂ ಹಾಗೇ ಬರೆದಿದ್ದ.

ಅಕ್ಕ ಮುಖ ತಿರುಗಿಸಿಕೊಂಡೇ ಒಳಗೆ ಬಂದಳು. ನಮ್ಮ ನಡುಮನೆಯ ಗೋಡೆಯನ್ನು ಒಮ್ಮೆ ತಟ್ಟಿದಳು. ಒಂದೇ ಸಲ. "ಕಾಫಿ ಇಡ್ತೀಯಾ, ಇಲ್ಲಾ ಬಡಗಿ ಬರ್ಬೇಕಾ ಮಾ?" ಎಂದಳು. ಇಬ್ಬರೂ ತಬ್ಬಿಕೊಂಡು ಅತ್ತೆವು. ಯಜಮಾನರು ಗಡಿಯಾರ ಎತ್ತಿ ಅಕ್ಕನಿಗೆ ಕುರ್ಚಿ ಖಾಲಿ ಮಾಡಿಕೊಟ್ಟರು.

ಕಾಫಿಯಾಯಿತು. ಪ್ಲಂಬರು ಸ್ಲಿಪ್ಪು ಮುಂದೆ ಹಿಡಿದ. "ಸೈನ್ ಆಕ್ಬಿಡಿ ಅಮ್ಮ, ಬಸ್ಸು ಓಗ್ತದೆ."

ನಾನು ಪೆನ್ನು ತೆಗೆದುಕೊಂಡೆ. ಮೇಜಿನ ಕೆಳಗೆ ಅಕ್ಕ ನನ್ನ ತೊಡೆ ಚಿವುಟಿದಳು. ಸಹಿ ಹಾಕದೆ ಸತಾಯಿಸುವವರನ್ನು ಇಪ್ಪತ್ತೆಂಟು ವರ್ಷ ಬೈದವಳು ನಾನು. ಪೆನ್ನಿನ ಮುಚ್ಚಳ ಹಾಕಿದೆ.

"ಇನ್ನೂ ಸರಿಯಾಗಿ ಕೇಳಿಸ್ತಾ ಇಲ್ಲಪ್ಪಾ. ಮುಂದಿನ ಶನಿವಾರ ಮತ್ತೆ ಬಂದು ನೋಡು. ಬರೋವಾಗ ಇವರನ್ನೂ ಕರ್ಕೊಂಡು ಬಾ. ಚೆಕ್ ಮಾಡೋಕೆ ಗೋಡೆಯ ಆ ಕಡೆಯೋರು ಬೇಕು."

ಪ್ಲಂಬರು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಸ್ಲಿಪ್ಪನ್ನು ಖಾಲಿ ಬೆನ್ನಿಗೆ ತಿರುಗಿಸಿ, ಪೆನ್ನಿನ ಪಕ್ಕ ಇಟ್ಟ.

"ಬರ್ದಿಟ್ಟೋಗಿ ಅಮ್ಮ" ಎಂದ, "ನೋಡಾನ."