ಪರದೆಯ ಹಿಂದಿನವರಿಗೊಂದು ದತ್ತಿ

ನಾಟಕದವರ ಸಹವಾಸಕ್ಕೆ ಬಿದ್ದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ಬಣ್ಣ ಹಚ್ಚಿಕೊಂಡು ಬಾಗಿಲಿಗೆ ಬರುತ್ತವೆ. ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮಾತು ಕಡಿಮೆ. ನಮ್ಮ ಮನೆಯಲ್ಲಿ ನಗಿಸುವ ಖಾತೆ ನನ್ನ ಹೆಂಡತಿಯದಾಗಿತ್ತು. ಅವಳು ತೀರಿಕೊಂಡ ಮೇಲೆ ಅವಳ ಹೆಸರಿನಲ್ಲಿ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಒಂದು ದತ್ತಿ ಇಟ್ಟೆ. ಅಲ್ಲಿಂದ ಈ ಪ್ರಸಂಗಗಳು ಶುರುವಾದವು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಮೊದಲನೆಯದು ಮಾತ್ರ ಹಳೆಯದು. ಅದಿಲ್ಲದೆ ಉಳಿದವು ತಿಳಿಯುವುದಿಲ್ಲ.

೧. ರಾಜಾಜ್ಞೆ

ನನ್ನ ಹೆಂಡತಿ ನಮ್ಮ ಶಾಲೆಯಲ್ಲೇ ಕನ್ನಡ ಕಲಿಸುತ್ತಿದ್ದಳು. ಮಕ್ಕಳಿಗೆಲ್ಲ ಅಕ್ಕೋರು. ಪ್ರತಿ ವರ್ಷ ಗ್ಯಾದರಿಂಗಿಗೆ, ಎಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಾಟಕ ಆಡಿಸುವವಳು ಅವಳೇ. ಮಕ್ಕಳು ರಂಗದ ಮೇಲೆ, ಅವಳು ಪಕ್ಕದ ಪರದೆಯ ಹಿಂದೆ, ಕೈಯಲ್ಲಿ ನೋಟಬುಕ್ಕು. ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುತ್ತಿದ್ದಳು. ಮೆಲ್ಲಗೆ ಎಂದರೆ ಮೂರನೆಯ ಸಾಲಿನವರೆಗೆ ಕೇಳುವಷ್ಟು.

ಒಂದು ವರ್ಷ ರಾಜನ ಪಾತ್ರದ ಹುಡುಗ ಎದೆಯುಬ್ಬಿಸಿ "ಸೇನಾಧಿಪತೀ!" ಎಂದವನು ಮುಂದಿನದನ್ನು ಮರೆತ. ಅದೇ ಹೊತ್ತಿಗೆ ಅವನ ಮೀಸೆ ಒಂದು ಕಡೆ ಕಿತ್ತು ಜೋತಾಡತೊಡಗಿತು. ಪರದೆಯ ಹಿಂದಿನಿಂದ ಇವಳು, "ಮೀಸಿ ಒತ್ತಿಕೋ, ಮೀಸಿ!" ಎಂದಳು.

ರಾಜ ಖಡ್ಗ ಎತ್ತಿ ಗುಡುಗಿದ: "ಸೇನಾಧಿಪತೀ! ಮೀಸಿ ಒತ್ತಿಕೋ, ಮೀಸಿ!"

ಸೇನಾಧಿಪತಿಗೆ ಮೀಸೆಯೇ ಇರಲಿಲ್ಲ. ಆದರೂ ರಾಜನ ಅಪ್ಪಣೆ ಎಂದು ಮೂಗಿನ ಕೆಳಗೆ ಗಟ್ಟಿಯಾಗಿ ಒತ್ತಿಕೊಂಡು ನಿಂತ. ಅಂಕ ಮುಗಿಯುವವರೆಗೂ ಕೈ ತೆಗೆಯಲಿಲ್ಲ.

ಅಷ್ಟು ವರ್ಷದ ಗ್ಯಾದರಿಂಗ್ ಫೋಟೋಗಳು ನನ್ನ ಬಳಿ ಇವೆ. ಒಂದರಲ್ಲೂ ಅವಳಿಲ್ಲ. ಒಂದೇ ಒಂದರಲ್ಲಿ ಪರದೆಯ ಅಂಚಿನಿಂದ ಬಳೆ ತೊಟ್ಟ ಒಂದು ಕೈ ಹೊರಬಂದು ರಾಜನಿಗೆ ಅವನು ಮರೆತು ಬಂದ ಖಡ್ಗ ಕೊಡುತ್ತಿದೆ. ಆ ಫೋಟೋದ ಹಿಂದೆ ಅವಳೇ ಬರೆದಿದ್ದಾಳೆ: "ಎಡದಿಂದ ಬಲಕ್ಕೆ: ರಾಜ, ಮಂತ್ರಿ, ನಾನು."

೨. ಹನ್ನೊಂದನೆಯ ಕಲಂ

ದತ್ತಿಯ ಕರಾರಿನಲ್ಲಿ ನಾನು ಹಾಕಿದ ಷರತ್ತು ಒಂದೇ. ಪರದೆಯ ಹಿಂದೆ ದುಡಿಯುವ ವಿದ್ಯಾರ್ಥಿಗೆ ಮಾತ್ರ ಸ್ಕಾಲರ್‌ಶಿಪ್ ಸಿಗಬೇಕು. ಬೆಳಕು, ಬಣ್ಣ, ಹೊಲಿಗೆ, ಮಾತು ಹೇಳಿಕೊಡುವುದು, ಏನಾದರೂ ಸರಿ.

ವಿಶ್ವವಿದ್ಯಾಲಯದ ಬಾಗಲಕೋಟೆಯ ಕಚೇರಿಯಲ್ಲಿ ದತ್ತಿಗಳನ್ನು ನೋಡಿಕೊಳ್ಳುವ ಗುಮಾಸ್ತರು ಅದನ್ನು ಓದಿ ಕನ್ನಡಕ ತೆಗೆದರು.

"ಸರ್, ನೀವು ಗಣಿತದವ್ರೇನ್ರಿ?"

"ಹೌದ್ರಿ. ಯಾಕ್ರಿ?"

"ನಾಟಕದವ್ರಾಗಿದ್ರ ಹಿಂಗ ಬರೀತಿರಲಿಲ್ಲ. ನಾಟಕ ಕಲಿಯಾಕ ಬರೋರೆಲ್ಲಾ ಮುಂದ ನಿಂದ್ರಾಕ ಬರ್ತಾರ್ರಿ. ಹಿಂದ ನಿಂದ್ರೋರನ್ನ ಎಲ್ಲಿಂದ ತರೂಣು?"

ಆಮೇಲೆ ನಿಯಮ ಹೇಳಿದರು. ಮೂರು ವರ್ಷ ಯಾರೂ ಅರ್ಹರು ಸಿಗದಿದ್ದರೆ ದತ್ತಿ ಸಾಮಾನ್ಯ ನಿಧಿಗೆ ಸೇರುತ್ತದೆ. ಹೆಸರು ಹೋಗುತ್ತದೆ.

ಹೆಸರು ಹೋಗುತ್ತದೆ ಎಂಬ ಮಾತಿಗೆ ನಾನು ಎಚ್ಚೆತ್ತೆ. ಕೆಲಸ ಪಕ್ಕಾ ಇರಲೆಂದು ಅರ್ಜಿಯ ನಮೂನೆಯನ್ನು ನಾನೇ ಬರೆದುಕೊಟ್ಟೆ. ಹನ್ನೊಂದು ಕಲಂ. ಸುಳ್ಳು ಅರ್ಜಿ ಬರಬಾರದೆಂದು ಹನ್ನೊಂದನೆಯದನ್ನು ಬಹಳ ಯೋಚಿಸಿ ಸೇರಿಸಿದೆ: ಅಭ್ಯರ್ಥಿಯು ನಾಟಕದಲ್ಲಿರುವ ಮೂರು ಫೋಟೋ ಲಗತ್ತಿಸಬೇಕು, ಮುಖ ಸ್ಪಷ್ಟವಾಗಿ ಕಾಣಬೇಕು.

ಗುಮಾಸ್ತರು ಓದಿ ತಲೆದೂಗಿದರು. "ಈಗ ನೋಡ್ರಿ, ಕಾಯ್ದೇ ಪ್ರಕಾರ ಆತು."

ಮೊದಲ ವರ್ಷ ಅರ್ಜಿಗಳ ಸಂಖ್ಯೆ ಸೊನ್ನೆ. ಸೊನ್ನೆಯ ಬಗ್ಗೆ ನನಗೆ ವೃತ್ತಿಯಿಂದಲೇ ಗೌರವ. ಆದರೂ ಬೇಸರವಾಯಿತು.

೩. ಸೆರಗು

ಅದೇ ವಿಭಾಗಕ್ಕೆ ಇನ್ನೊಬ್ಬ ದಾನಿ ಇದ್ದಾರೆ, ಇಳಕಲ್ಲಿನ ಸೀರೆ ವ್ಯಾಪಾರಿ ಸಾಹುಕಾರರು. ಅವರ ಸ್ಕಾಲರ್‌ಶಿಪ್ಪಿಗೆ ಪ್ರತಿ ವರ್ಷ ನೂಕುನುಗ್ಗಲು. ಅವರದೂ ಒಂದೇ ಷರತ್ತು: ವಿಭಾಗದವರು ಆಡುವ ಪ್ರತಿ ನಾಟಕದಲ್ಲೂ ರಂಗದ ಮೇಲೆ ಒಂದು ಇಳಕಲ್ ಸೀರೆ ಕಾಣಬೇಕು.

ಆ ವರ್ಷದ ನಾಟಕ ನಡೆಯುವುದು ಜೈಲಿನಲ್ಲಿ. ಆರು ಪಾತ್ರ, ಆರೂ ಗಂಡಸರು. ವಿದ್ಯಾರ್ಥಿಗಳು ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಜೈಲಿನ ಕಿಟಕಿಗೆ ಸೀರೆಯನ್ನೇ ಪರದೆಯಾಗಿ ಕಟ್ಟಿದರು. ಸಾಹುಕಾರರೂ ನಾನೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು.

ಕೈದಿಯನ್ನು ನೇಣಿಗೆ ಒಯ್ಯುವ ದೃಶ್ಯ. ಸಭೆ ಉಸಿರು ಬಿಗಿಹಿಡಿದಿದೆ. ಸಾಹುಕಾರರು ಎದ್ದು ನಿಂತರು.

"ನಿಂದ್ರಸ್ರಿ! ಸೆರಗು ಒಳಗ ಮಡಚೀರಿ. ಕೆಂಪು ಸೆರಗು ಕಾಣವಲ್ದು. ಸೆರಗು ಕಾಣಲಿಲ್ಲಂದ್ರ ಅದು ಇಳಕಲ್ ಸೀರಿ ಹೆಂಗಾಕ್ಕೈತಿ?"

ಕೈದಿ ಪೊಲೀಸರಿಂದ ಕೈ ಬಿಡಿಸಿಕೊಂಡು ಕಿಟಕಿಗೆ ಹೋದ. ಸೆರಗು ಬಿಡಿಸಿ, ನಿರಿಗೆ ಸರಿಮಾಡಿ, ಸಭೆಗೆ ಕಾಣುವಂತೆ ಹರವಿದ. ಆಮೇಲೆ ಕೈಮುಗಿದು ಕೇಳಿದ: "ಈಗ ನೇಣಿಗೆ ಹೋಗ್ಲೇನ್ರಿ ಸಾವ್ಕಾರ್ರ?"

"ಹೋಗಪಾ, ಈಗ ಆರಾಮ ಹೋಗು," ಎಂದು ಇವರು ಕುಳಿತರು. ನನ್ನ ಕಡೆ ಬಾಗಿ ಬುದ್ಧಿಯನ್ನೂ ಹೇಳಿದರು. "ಮಾಸ್ತರ್ರ, ದಾನಾ ಮಾಡಿದ್ರ ಹಿಂಗ ಕಾಣೋದಕ್ಕ ಮಾಡಬೇಕ್ರಿ. ನೀವು ಕಾಣಲಾರದ್ದಕ್ಕ ಮಾಡೀರಿ. ಯಾರ ಬರ್ತಾರ?"

೪. ಬಾದಾಮಿಯ ಬೆಳಕು

ಎರಡನೆಯ ವರ್ಷ ಒಂದು ಅರ್ಜಿ ಬಂತು. ಬಾದಾಮಿಯ ಗೈಡೊಬ್ಬರ ಮಗ. ಮೂರು ಫೋಟೋ ಕೇಳಿದ್ದರೆ ಒಂಬತ್ತು ಇಟ್ಟಿದ್ದ. ಸಂದರ್ಶನದಲ್ಲಿ ಕೇಳಿದೆ:

"ಪರದೆ ಹಿಂದ ಕೆಲಸ ಮಾಡೀ ಏನಪಾ?"

"ಎಲ್ಲಾ ನಾಟಕದಾಗೂ ಮಾಡೇನ್ರಿ ಸರ್."

"ಏನ ಕೆಲಸಾ?"

"ನನ್ನ ಎಂಟ್ರಿ ಬರೂತನಕಾ ಅಲ್ಲೇ ನಿಂತಿರ್ತೇನ್ರಿ."

ಪ್ರಾಮಾಣಿಕ ಹುಡುಗ. ವಿಭಾಗದ ಮುಖ್ಯಸ್ಥರು ನನ್ನ ಮುಖ ನೋಡಿ, "ಬಾದಾಮಿಯೊಳಗ ಮುಂದಿನ ವಾರ ಪ್ರಯೋಗ ಐತ್ರಿ ಸರ್. ಬೆಳಕಿನ ಕೆಲಸ ಇವಂಗ ಕೊಡ್ತೇವಿ. ನೀವು ಬಂದು ಪರೀಕ್ಷಾ ಮಾಡ್ರಿ," ಎಂದರು.

ಹೋದೆ. ಕೆರೆಯ ದಂಡೆಯ ಮೇಲೆ, ಸಂಜೆ. ಪ್ರವಾಸಿಗರೂ ಊರವರೂ ಸೇರಿದ್ದರು. ಗುಡ್ಡದ ಮಂಗಗಳಿಗೂ ಮೇಲೆ ಒಳ್ಳೆಯ ಜಾಗ ಸಿಕ್ಕಿತ್ತು. ಮೊದಲ ದೃಶ್ಯದಲ್ಲಿ ಬೆಳಕು ರಾಜನ ಮೇಲೆ ಸರಿಯಾಗಿ ಬಿತ್ತು. ಎರಡನೆಯದರಲ್ಲಿ ರಾಣಿಯ ಮೇಲೆ ಬಿತ್ತು. ನಾನು ಸಮಾಧಾನದಿಂದ ಟಿಪ್ಪಣಿ ಪುಸ್ತಕದಲ್ಲಿ ಎರಡು ಸರಿ ಗುರುತು ಹಾಕಿದೆ. ಮೂರನೆಯ ದೃಶ್ಯದಲ್ಲಿ ರಾಣಿ ಅಳತೊಡಗಿದಳು. ನೋಡನೋಡುತ್ತಿದ್ದಂತೆ ರಂಗ ಕತ್ತಲಾಯಿತು. ಬೆಳಕು ಮೆಲ್ಲಗೆ ತಿರುಗಿ, ನೆಲದ ಮೇಲೆ ಹರಿದು, ದೀಪದ ಹಿಂದೆ ನಿಂತ ಹುಡುಗನ ಮುಖದ ಮೇಲೆ ಬಂದು ನಿಂತಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನಾಟಕ ಮುಗಿದ ಮೇಲೆ, "ಯಾಕಪಾ ಹಿಂಗ ಮಾಡಿದಿ?" ಎಂದು ಕೇಳಿದೆ.

"ಸರ್, ಖರೇ ಹೇಳ್ತೇನಿ. ಆಕಿಕಿಂತ ನಾ ಚೊಲೋ ಅಳಾಕತ್ತಿದ್ನಿ."

ಅದೂ ಸುಳ್ಳಲ್ಲ. ಸಾಹುಕಾರರ ಸ್ಕಾಲರ್‌ಶಿಪ್ಪಿಗೆ ಅವನ ಹೆಸರನ್ನು ನಾನೇ ಶಿಫಾರಸು ಮಾಡಿದೆ. ನನ್ನದು ಹಾಗೆಯೇ ಉಳಿಯಿತು.

೫. ಹಾಳೆಯಲ್ಲಿಲ್ಲದ ಮಾತು

ಮೂರನೆಯ ವರ್ಷ ಒಂದೂ ಅರ್ಜಿ ಬರಲಿಲ್ಲ. ವಿಭಾಗದ ವಾರ್ಷಿಕ ಸಮಾರಂಭದ ದಿನವೇ ಕಡೆಯ ತಾರೀಖು. ನಾನು ಎರಡು ಮಾತಾಡಿ ದತ್ತಿಯನ್ನು ಸಾಮಾನ್ಯ ನಿಧಿಗೆ ಬಿಟ್ಟುಕೊಡುವುದೆಂದು ನಿಶ್ಚಯವಾಯಿತು. ವೇದಿಕೆ ಹತ್ತುವವರು ಯಾರೇ ಇರಲಿ, ಅವರ ಮಾತಿನ ಒಂದು ಪ್ರತಿ ಮೊದಲೇ ಪರದೆಯ ಹಿಂದೆ ಇರಬೇಕು ಎಂಬುದು ಆ ವಿಭಾಗದ ಪದ್ಧತಿ. ನಾನೂ ಒಂದು ಹಾಳೆ ಬರೆದು ಕಳಿಸಿದೆ. ಹನ್ನೆರಡು ವಾಕ್ಯ. ಬಾಯಿಪಾಠವನ್ನೂ ಮಾಡಿದ್ದೆ.

ನಾಲ್ಕನೆಯ ವಾಕ್ಯದಲ್ಲಿ ಅವಳ ಹೆಸರು ಬರುತ್ತದೆ. ಹೆಸರು ಹೇಳಿದೆ. ಮುಂದಿನದು ನೆನಪಾಗಲಿಲ್ಲ.

ಆಗ ಎಡಗಡೆಯ ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಮೆಲ್ಲಗೆ ಬಂತು: "ಆಕೆ ಒಂದು ದಿನವೂ ರಂಗದ ಮೇಲೆ ಬರಲಿಲ್ಲ."

"ಆಕೆ ಒಂದು ದಿನವೂ ರಂಗದ ಮೇಲೆ ಬರಲಿಲ್ಲ," ಎಂದೆ ನಾನು.

"ಆದರೆ ಆಕೆ ಇಲ್ಲದೆ ನಾಟಕ ಒಂದು ದಿನವೂ ನಡೆಯಲಿಲ್ಲ."

ಅದನ್ನೂ ಹೇಳಿದೆ. ದನಿ ಮುಂದುವರಿಯಿತು: "ಮೈಕ್ ಬಿಟ್ಟು ದೂರ ಸರದೀರಿ, ಹತ್ತರ ಬರ್ರಿ."

ನಾನು ಗಂಭೀರವಾಗಿ ಸಭೆಗೆ ಹೇಳಿದೆ: "ಮೈಕ್ ಬಿಟ್ಟು ದೂರ ಸರದೀರಿ, ಹತ್ತರ ಬರ್ರಿ."

ವೇದಿಕೆಯ ಮೇಲಿದ್ದ ಇಳಕಲ್ಲಿನ ಸಾಹುಕಾರರು ತಮ್ಮನ್ನೇ ಕರೆದದ್ದೆಂದು ಎದ್ದು ಬಂದು ನನ್ನ ಪಕ್ಕ ನಿಂತರು.

"ಅಯ್ಯ, ಅವರಿಗಲ್ರಿ, ನಿಮಗ!" ಎಂದಿತು ದನಿ.

"ಅಯ್ಯ, ಅವರಿಗಲ್ರಿ, ನಿಮಗ!" ಎಂದೆ.

ಸಾಹುಕಾರರು ಹಿಂದೆ ತಿರುಗಿ ನೋಡಿದರು. ಅಲ್ಲಿದ್ದ ಮುಖ್ಯಸ್ಥರೂ ಎದ್ದು ಬಂದರು.

"ಯಪ್ಪಾ! ಇದನ್ನ ಹೇಳಬ್ಯಾಡ್ರಿ ಸರ್!"

ಅದನ್ನೂ ಹೇಳಿದೆ. ಅಷ್ಟರಲ್ಲಿ ಸಭೆ ಉರುಳಾಡಿ ನಗುತ್ತಿತ್ತು. ನನಗೆ ಮಾತ್ರ ನಮ್ಮ ಶಾಲೆಯ ರಾಜ ನೆನಪಾಗಿದ್ದ. ಉಳಿದ ವಾಕ್ಯಗಳನ್ನು ಆ ದನಿಯ ಹಿಂದೆಯೇ ಒಂದೊಂದಾಗಿ ಹೇಳುತ್ತ ಹನ್ನೆರಡನೆಯದಕ್ಕೆ ಬಂದೆ.

"ಆದ್ದರಿಂದ ಈ ದತ್ತಿಯನ್ನು ಸಾಮಾನ್ಯ ನಿಧಿಗೆ ಸೇರಿಸಲು ನನ್ನ ಒಪ್ಪಿಗೆ ಇದೆ," ಎಂದಿತು ದನಿ.

ನಾನು ಹೇಳಲಿಲ್ಲ.

ನಾನು ಮರೆತೆನೆಂದುಕೊಂಡು ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು. ಆಮೇಲೆ ಮೂರನೆಯ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ನಾನು ಪರದೆಯ ಕಡೆ ತಿರುಗಿ ಮೈಕಿನಲ್ಲೇ ಕೇಳಿದೆ:

"ಯವ್ವಾ, ನೀ ಯಾಕ ಅರ್ಜಿ ಹಾಕಲಿಲ್ಲ?"

ಹಾಳೆ ತಿರುವಿದ ಸದ್ದು. ಆಮೇಲೆ ಗಾಬರಿಯ ದನಿ: "ಸರ್, ಇದು ನಿಮ್ಮ ಹಾಳಿಯೊಳಗಿಲ್ರಿ!"

"ಇಲ್ಲಂತ ಗೊತ್ತೈತಿ. ಹೇಳು."

"ಮೂರೂ ವರ್ಷ ಅರ್ಜಿ ನಮೂನಿ ಒಯ್ದೇನ್ರಿ. ನಾಟಕದೊಳಗ ಮಾರಿ ಕಾಣೂವಂಥಾ ಮೂರು ಫೋಟೋ ಹಚ್ಚಬೇಕಂತ ಬರದಿತ್ರಿ. ನಾ ಪರದೆ ಹಿಂದಿರಾಕಿ. ನನ್ನ ಫೋಟೋ ಯಾರ ತಗೀತಾರ್ರಿ? ಅದನ್ನ ಬರದವರ್ಯಾರೋ ಏನೋ, ನಾಟಕಾನ ನೋಡಿರಲಿಕ್ಕಿಲ್ಲ."

ಬರೆದವನು ಮೈಕಿನ ಮುಂದೆ ನಿಂತಿದ್ದ. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನು, ವಿಭಾಗದ ಕಚೇರಿಯಿಂದ ಅರ್ಜಿಯ ನಮೂನೆ ತರಿಸಿ ಹನ್ನೊಂದನೆಯ ಕಲಮಿನ ಮೇಲೆ ಸಭೆಯ ಎದುರೇ ಗೆರೆ ಎಳೆದೆ. ಅದೇ ಹಾಳೆಯನ್ನು ಪರದೆಯ ಸಂದಿಯಿಂದ ಒಳಗೆ ಕಳಿಸಿದೆ. ಐದು ನಿಮಿಷದಲ್ಲಿ ತುಂಬಿ ಹೊರಬಂತು. ಹುನಗುಂದದ ಕಡೆಯ ಹುಡುಗಿ. ಹೊಲಿಗೆ, ಬಣ್ಣ, ಮಾತು ಹೇಳಿಕೊಡುವುದು, ಮೂರೂ ಅವಳದೇ ಎಂದು ಮುಖ್ಯಸ್ಥರು ಅಲ್ಲೇ ಸಹಿ ಹಾಕಿದರು.

"ಬಾರವಾ, ಹೊರಗ ಬಾ. ಶಾಲು ಹೊದಸ್ತೇವಿ," ಎಂದೆ.

"ಒಲ್ಲೇರಿ ಸರ್. ಇಷ್ಟ ಮಂದಿ ಮುಂದ ನನಗ ಕೈಕಾಲು ನಡಗತಾವು."

ನಾಟಕ ವಿಭಾಗದ ವಿದ್ಯಾರ್ಥಿನಿ ಮಂದಿಗೆ ಹೆದರಿ ರಂಗಕ್ಕೆ ಬರಲೊಲ್ಲಳು! ಮುಖ್ಯಸ್ಥರು ತಲೆ ಕೆರೆದುಕೊಂಡರು. ಎಷ್ಟು ಕರೆದರೂ ಪರದೆಯ ಅಂಚಿನಿಂದ ಬಂದದ್ದು ಬಳೆ ತೊಟ್ಟ ಒಂದು ಕೈ ಮಾತ್ರ. ಶಾಲು, ಪ್ರಮಾಣಪತ್ರ ಎರಡನ್ನೂ ಆ ಕೈಗೇ ಕೊಟ್ಟೆ. ಫೋಟೋ ತೆಗೆದರು.

ಸಾಹುಕಾರರು ನನ್ನ ಕಿವಿಯಲ್ಲಿ, "ಮಾಸ್ತರ್ರ, ಕಂಡಿದ್ದು ಕೈ ಅಷ್ಟ ಆದ್ರೂ ಚಪ್ಪಾಳಿ ನನಗಿಂತ ನಿಮಗ ಭಾಳ ಬಿತ್ರಿ," ಎಂದರು.

ವಾರದ ನಂತರ ಬಾಗಲಕೋಟೆಯ ಕಚೇರಿಗೆ ಹೋಗಿ ದಾಖಲೆಗೆ ಆ ಫೋಟೋ ಕೊಟ್ಟೆ. ಹಿಂದೆ ಕ್ರಮವಾಗಿ ಬರೆದಿದ್ದೆ: "ಎಡದಿಂದ ಬಲಕ್ಕೆ: ಫಲಾನುಭವಿ, ಪರದೆ, ನಾನು."

ಗುಮಾಸ್ತರು ಅತ್ತಿತ್ತ ತಿರುಗಿಸಿ ನೋಡಿದರು. "ಸರ್, ಇದರಾಗ ಮಾರಿ ಇಲ್ಲಲ್ರಿ. ಈ ಕೈ ಆಕೀದ ಅಂತ ಗುರುತು ಹೇಳೋರ್ಯಾರು?"

"ನಾ ಹೇಳ್ತೇನ್ರಿ," ಎಂದೆ. "ಇಂಥಾ ಕೈಯ ಗುರುತು ನನಗ ಚೊಲೋ ಐತಿ." ಕಿಸೆಯಿಂದ ಆ ಹಳೆಯ ಫೋಟೋ ತೆಗೆದು ಪಕ್ಕದಲ್ಲಿಟ್ಟೆ. ರಾಜ, ಮಂತ್ರಿ, ಖಡ್ಗ ಕೊಡುವ ಕೈ.

ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು. ಹಳೆಯದನ್ನು ಜೋಪಾನವಾಗಿ ನನ್ನ ಕೈಗೆ ಮರಳಿಸಿದರು. ಹೊಸದನ್ನು ಕಡತಕ್ಕೆ ಅಂಟಿಸಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಮೇಲೊಂದು ಸಿಕ್ಕಾ ಒತ್ತಿದರು:

"ಕೈ ಪರಿಶೀಲಿಸಲಾಗಿದೆ. ಸರಿಯಿದೆ."